ಬಟ್ಟೆ ತೊಟ್ಟ ಚಿಲಕ

ಜುಲೈ 2, ಬುಧವಾರ

ಈ ಪುಸ್ತಕ ಭಾವ ಕಟ್ಟಿಕೊಟ್ಟದ್ದು. ಅವರದು ಬೈಂಡಿಂಗ್ ಕೆಲಸ. ಅಂಗಡಿಯಲ್ಲಿ ಕತ್ತರಿಸಿ ಉಳಿದ ಕಾಗದವನ್ನೆಲ್ಲ ಒಟ್ಟು ಮಾಡಿ ಹೊಲಿದಿದ್ದಾರೆ. ಹಾಗಾಗಿ ನಾಲ್ಕು ಹಾಳೆ ಬಿಳಿ, ಎರಡು ಹಳದಿ, ನಡುವೆ ಒಂದು ನೀಲಿ. ಕೈಗೆ ಕೊಟ್ಟು ‘ಬರಿ’ ಅಂದರು. ದಿನಕ್ಕೆ ಮೂರು ಮಾತಾಡುವ ಮನುಷ್ಯ. ಇವತ್ತಿನದರಲ್ಲಿ ಒಂದನ್ನು ನನಗೆ ಕೊಟ್ಟುಬಿಟ್ಟರು.

ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ನಾನು ಬರೆದದ್ದೆಂದರೆ ನನ್ನ ಬೀಗದ ಅಂಗಡಿಯಲ್ಲಿ ಕೀಗಳ ನಂಬರು ಮಾತ್ರ. ಆಸ್ಪತ್ರೆಯವರು ಬೇರೆ ಒಂದು ಕಾರ್ಡು ಕೊಟ್ಟಿದ್ದಾರೆ. ಅದರಲ್ಲಿ ವಾಂತಿ, ಜ್ವರ, ಭೇದಿ, ಜೋಮು ಎಂದು ಸಾಲಾಗಿ ಚೌಕಗಳು. ದಿನವೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಅದು ಡಾಕ್ಟರಿಗೆ. ಇದು ಯಾರಿಗೂ ಅಲ್ಲ.

ನಿನ್ನೆ ಮೂರನೆಯ ಕೀಮೋ. ಏಪ್ರಿಲ್‌ನಲ್ಲಿ ಹೊಟ್ಟೆ ಕೊಯ್ದು ಒಂದು ಅಡಿ ಕರುಳು ತೆಗೆದರು. ಕಣ್ಣಿಗೆ ಕಂಡದ್ದೆಲ್ಲ ಹೋಯಿತು, ಕಾಣದ್ದು ಏನಾದರೂ ಉಳಿದಿದ್ದರೆ ಅದಕ್ಕೆ ಈ ಔಷಧಿ ಎಂದರು ಡಾಕ್ಟರಮ್ಮ. ಎರಡು ವಾರಕ್ಕೊಂದು, ಒಟ್ಟು ಹನ್ನೆರಡು. ಪ್ರತಿ ಸಲವೂ ನಾಲ್ಕು ಗಂಟೆ ಕುರ್ಚಿಯಲ್ಲಿ ಕೂತು ಹಾಕಿಸಿಕೊಂಡು, ಆಮೇಲೆ ಎರಡು ದಿನ ಸೊಂಟಕ್ಕೆ ಒಂದು ಸೀಸೆ ಕಟ್ಟಿಕೊಂಡು ಮನೆಯಲ್ಲಿರಬೇಕು. ಸೀಸೆಯೊಳಗೆ ಇನ್ನೊಂದು ಔಷಧಿ ತುಂಬಿಕೊಂಡು ಉಬ್ಬಿದ ಬಲೂನು. ಅದು ಕುಗ್ಗುತ್ತ ಕುಗ್ಗುತ್ತ, ಎದೆಯ ಚರ್ಮದ ಕೆಳಗೆ ಇಟ್ಟಿರುವ ಗುಂಡಿಯ ಮೂಲಕ ನನ್ನೊಳಗೆ ಇಳಿಯುತ್ತದೆ. ಸದ್ದಿಲ್ಲ. ಗಂಟೆಗೆ ನಾಲ್ಕು ಸಲ ಚೀಲ ತೆರೆದು ಎಷ್ಟು ಕುಗ್ಗಿತು ಎಂದು ನೋಡುತ್ತೇನೆ. ನೋಡಿದರೆ ಬೇಗ ಕುಗ್ಗುತ್ತಾ, ಪಾದರಸ, ಎಂದು ಅಕ್ಕ ಅಣಕಿಸಿದಳು. ನಾನು ಅಂಬೆಗಾಲಿಡುವಾಗಿನಿಂದ ಅವಳು ನನ್ನನ್ನು ಕರೆಯುವುದೇ ಹಾಗೆ.

ನಿನ್ನೆ ಕುರ್ಚಿಯಲ್ಲಿ ಕೂರಲಾಗದೆ ಡ್ರಿಪ್ಪಿನ ಕಂಬ ತಳ್ಳಿಕೊಂಡು ಕಾರಿಡಾರಿನಲ್ಲಿ ಹನ್ನೊಂದು ಸುತ್ತು ಹಾಕಿದೆ. ಸಿಸ್ಟರ್ ಎರಡು ಸಲ ಬೈದರು. ಪಕ್ಕದ ಕುರ್ಚಿಯಲ್ಲಿ ಒಬ್ಬ ಬಸ್ ಕಂಡಕ್ಟರ್. ಅವರಿಗೂ ಇದೇ ಔಷಧಿ, ನನಗಿಂತ ಎರಡು ಸಲ ಮುಂದಿದ್ದಾರೆ. ಸೀಟು ಬಿಟ್ಟು ಎದ್ದವರಿಗೆ ಮತ್ತೆ ಸೀಟಿಲ್ಲ ಎಂದು ನನ್ನ ಪ್ರತಿ ಸುತ್ತಿಗೂ ಒಂದೊಂದು ಸಲ ಹೇಳಿದರು. ಮುಂದಿನ ಸಲ ಬೇರೆ ಕುರ್ಚಿ ಕೇಳಬೇಕು.

ಜುಲೈ 4, ಶುಕ್ರವಾರ

ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಕೈಗೆ ಕರೆಂಟ್ ಹೊಡೆದ ಹಾಗಾಯಿತು. ನೀರು ತಣ್ಣಗಿತ್ತು, ಅಷ್ಟೇ. ಡ್ರಿಪ್ಪಿನ ಈ ಔಷಧಿ ಮೈಯಲ್ಲಿರುವಷ್ಟು ದಿನ ತಣ್ಣಗಿರುವುದು ಯಾವುದೂ ಆಗಿಬರುವುದಿಲ್ಲ. ಒಂದು ಗುಟುಕು ತಣ್ಣೀರು ಕುಡಿದರೆ ಗಂಟಲಲ್ಲಿ ಗಾಜಿನ ಪುಡಿ ಇಳಿದಂತೆ. ಚಿಲಕ, ಬಕೆಟ್ಟಿನ ಹಿಡಿ, ಫ್ರಿಜ್ಜಿನ ಬಾಗಿಲು, ಚಮಚ. ಒಂದು ಮನೆಯಲ್ಲಿ ಇಷ್ಟೊಂದು ಲೋಹ ಇರುತ್ತದೆ ಎಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಹೋದಲ್ಲೆಲ್ಲ ನಾಯಿಮರಿಯ ಹಾಗೆ ಕಚ್ಚುತ್ತದೆ.

ಸಂಜೆ ಭಾವ ಅಂಗಡಿಯಿಂದ ಬೈಂಡಿಂಗ್ ಬಟ್ಟೆಯ ತುಂಡುಗಳು, ಒಂದು ಡಬ್ಬಿ ಗೋಂದು ತಂದರು. ಅಂಗಿಯ ತೋಳು ಮಡಿಸಿ ಶುರು ಮಾಡಿದರು. ನಲ್ಲಿಗೆ ಕೆಂಪು, ಬಚ್ಚಲ ಚಿಲಕಕ್ಕೆ ನೀಲಿ, ಫ್ರಿಜ್ಜಿನ ಹಿಡಿಗೆ ಹಸಿರು. ಮೂಲೆಗಳನ್ನು ಪುಸ್ತಕದ ರಟ್ಟಿಗೆ ಮಡಿಸುವ ಹಾಗೆಯೇ ಮಡಿಸಿ, ಉಗುರಿನಿಂದ ಒತ್ತಿ, ಬೆರಳಿನಿಂದ ಗೋಂದು ಸವರಿದರು. ಊಟಕ್ಕೆ ಕೂತಾಗ ನೋಡುತ್ತೇನೆ, ಮನೆಯ ಕಬ್ಬಿಣವೆಲ್ಲ ಹೊಸ ಬಟ್ಟೆ ತೊಟ್ಟುಕೊಂಡು ಎಲ್ಲಿಗೋ ಹೊರಟು ನಿಂತ ಹಾಗಿತ್ತು.

ಹಾಗೇ ನನಗೂ ಒಂದು ರಟ್ಟು ಹಾಕಿ ಬೆನ್ನ ಮೇಲೆ ಹೆಸರು ಬರೆದುಬಿಡಿ ಭಾವ ಎಂದೆ.

‘ಎಷ್ಟನೇ ಸಂಪುಟ?’ ಅಂದರು, ತಲೆ ಎತ್ತದೆ.

ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಅಕ್ಕ ನಗುತ್ತ ಲೋಟ ಕೆಡವಿದಳು.

ಜುಲೈ 11, ಶುಕ್ರವಾರ

ಹತ್ತು ದಿನ ಕಳೆದರೆ ಕಚ್ಚುವುದು ನಿಲ್ಲುತ್ತದೆ. ಆಮೇಲಿನ ಮೂರು ನಾಲ್ಕು ದಿನ ನನ್ನವು. ಅಂಗಡಿ ತೆರೆದೆ.

ಅಂಗಡಿ ಎಂದರೆ ಕಟ್ಟಡದ ಮೆಟ್ಟಿಲ ಕೆಳಗಿನ ಒಂದು ಗೂಡು. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ತಾಗುತ್ತದೆ. ಹಿಂದಿನ ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಖಾಲಿ ಕೀಗಳು. ಯಾರಾದರೂ ಮೆಟ್ಟಿಲು ಹತ್ತಿದರೆ ಎಲ್ಲ ಒಟ್ಟಿಗೆ ಅಲ್ಲಾಡುತ್ತವೆ. ಎರಡು ಬಾಗಿಲು ಆಚೆಗೆ ಅಕ್ಕ ಇಸ್ತ್ರಿ ಮಾಡುವ ಲಾಂಡ್ರಿ.

ಶಾಲೆ ಬಿಟ್ಟಮೇಲೆ ಕೊರಿಯರ್ ಹಂಚಿದೆ, ಗ್ಯಾರೇಜಿನಲ್ಲಿ ನಟ್ಟು ತಿರುಗಿಸಿದೆ, ಹೋಟೆಲಿನಲ್ಲಿ ತಟ್ಟೆ ಎತ್ತಿದೆ. ಯಾವುದರಲ್ಲೂ ಮೂರು ತಿಂಗಳು ನಿಂತವನಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಎಲ್ಲರೂ ಕೈಬಿಟ್ಟಿದ್ದರು. ನನ್ನನ್ನು ಕೂರಿಸಿದ್ದು ಬೀಗ ಒಂದೇ. ಕೀ ಕಳೆದುಕೊಂಡವರ ಬೀಗದೊಳಗೆ ಸಣ್ಣ ಕೊಕ್ಕೆ ಇಳಿಸಿ ಕಣ್ಣು ಮುಚ್ಚಿದರೆ, ಒಳಗಿನ ಐದು ಪಿನ್ನುಗಳು ಒಂದೊಂದಾಗಿ ಬೆರಳ ತುದಿಗೆ ಬಂದು ತಮ್ಮ ಪಾಡು ಹೇಳಿಕೊಳ್ಳುತ್ತವೆ. ಒಂದು ಮೊಂಡ, ಒಂದು ನಾಚಿಕೆಯದು, ಒಂದು ಸುಳ್ಳ. ನಾಲ್ಕು ನಿಮಿಷದಲ್ಲಿ ಬಾಗಿಲು ತೆಗೆದುಕೊಳ್ಳುತ್ತದೆ. ಆ ನಾಲ್ಕು ನಿಮಿಷ ನನ್ನ ಕಾಲು ಅಲ್ಲಾಡುವುದಿಲ್ಲ.

ಇವತ್ತು ಗಾಳಿ ತಂಪಾಗಿತ್ತು, ಕೀಗಳು ಇನ್ನೂ ಸ್ವಲ್ಪ ಚುಚ್ಚುತ್ತಿದ್ದವು. ಅಕ್ಕ ಬಂದು ಒಂದು ಡಬ್ಬಿ ಕೀ ಎತ್ತಿಕೊಂಡು ಹೋದಳು. ಆಗತಾನೇ ಇಸ್ತ್ರಿ ಮಾಡಿ ಮಡಿಸಿಟ್ಟ ಚಾದರಗಳ ನಡುವೆ ಅರ್ಧ ಗಂಟೆ ಇಟ್ಟು ವಾಪಸ್ ತಂದಳು. ಗೂಡಿನಿಂದ ತೆಗೆದ ಮೊಟ್ಟೆಗಳ ಹಾಗೆ ಬೆಚ್ಚಗಿದ್ದವು. ಬೆಚ್ಚಗಿನ ಕೀ ಕೈಯಲ್ಲಿ ಹಿಡಿದರೆ ಅದು ತೆರೆಯುವ ಮನೆಯೂ ಬೆಚ್ಚಗಿರಬೇಕು ಅನಿಸುತ್ತದೆ. ಏಳು ಕೀ ಕೊರೆದೆ. ಒಂದೂ ತಪ್ಪಲಿಲ್ಲ.

ಜುಲೈ 15, ಮಂಗಳವಾರ

ನಾಲ್ಕನೆಯದು. ಬೇರೆ ಕುರ್ಚಿ ಸಿಗಲಿಲ್ಲ. ಕಂಡಕ್ಟರ್ ನನಗಾಗಿ ಟವೆಲ್ ಹಾಕಿ ಸೀಟು ಹಿಡಿದಿದ್ದರು. ಏಳು ಸುತ್ತು.

ಜುಲೈ 18, ಶುಕ್ರವಾರ

ಚಮಚ ಬಾಯಿಗಿಟ್ಟರೆ ಚಮಚದ್ದೇ ರುಚಿ. ಅನ್ನಕ್ಕೂ ಅದೇ, ಮೊಟ್ಟೆಗೂ ಅದೇ, ಬರೀ ಎಂಜಲಿಗೂ ಅದೇ. ಭಾವ ಮರದ ಚಮಚ ತಂದರು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಈ ವಾರ ಅಕ್ಕ ಬೆಳಕು ಹರಿಯುವ ಮುಂಚೆ, ನಾನು ಏಳುವುದರೊಳಗೆ, ಎಲ್ಲ ಬೇಯಿಸಿ ಕಿಟಕಿ ತೆರೆದಿಡುತ್ತಾಳೆ. ಮೊದಲು ಬೆಳಿಗ್ಗೆ ಸ್ನಾನ, ಈಗ ಮಧ್ಯಾಹ್ನ ಬಿಸಿಲು ಬಂದಮೇಲೆ. ಮೊದಲು ಮೂರು ಊಟ, ಈಗ ಹಕ್ಕಿಯ ಹಾಗೆ ಎಂಟು. ಹಗಲು ನಿದ್ದೆ ನನಗೆ ಗೊತ್ತೇ ಇರಲಿಲ್ಲ. ಈಗ ಮಧ್ಯಾಹ್ನ ಎರಡಕ್ಕೆ ಯಾರೋ ಬಂದು ದೀಪ ಆರಿಸಿದ ಹಾಗೆ ಮಲಗಿಬಿಡುತ್ತೇನೆ.

ಇವತ್ತಿನ ನಿದ್ದೆಯಲ್ಲಿ ಒಂದು ಉದ್ದನೆಯ ಓಣಿ. ಎರಡೂ ಕಡೆ ಬಾಗಿಲುಗಳು, ಎಲ್ಲಕ್ಕೂ ಭಾವನ ಬಟ್ಟೆಯ ಚಿಲಕ. ಮುಟ್ಟಿದರೆ ಚಿಲಕ ಉಸಿರಾಡುತ್ತಿತ್ತು. ನಾನು ಯಾವುದನ್ನೂ ತೆಗೆಯಲಿಲ್ಲ. ನಡೆದುಕೊಂಡು ಹೋದೆ, ಅಷ್ಟೇ. ಎದ್ದಾಗ ಪರದೆಯ ಮೇಲೆ ಬಿಸಿಲು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಓಣಿ ಯಾವುದು, ಕೋಣೆ ಯಾವುದು ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ.

ಆಗಸ್ಟ್ 9, ಶನಿವಾರ

ಐದನೆಯದು ಹಾಕಿಸಿಕೊಂಡು ಹನ್ನೊಂದು ದಿನ ಆಯಿತು. ಚಳಿ ಕಚ್ಚುವುದು ನಿಂತಿದೆ, ಜೋಮು ಹೋಗಿಲ್ಲ. ಯಾವಾಗಲೂ ಈ ಹೊತ್ತಿಗೆ ಹೋಗಿರುತ್ತಿತ್ತು. ಹೆಬ್ಬೆರಳು, ತೋರುಬೆರಳಿನ ತುದಿಗೆ ಯಾರೋ ತೆಳ್ಳಗಿನ ಕಾಗದ ಅಂಟಿಸಿದ ಹಾಗಿದೆ. ಉಜ್ಜಿದೆ, ಊದಿದೆ, ಬಿಸಿನೀರಲ್ಲಿ ಅದ್ದಿದೆ. ಕಾಗದ ಕಿತ್ತು ಬರಲಿಲ್ಲ.

ಕೀ ಕೊರೆದಮೇಲೆ ಅಂಚಿನಲ್ಲಿ ಕೂದಲಿನಂಥ ಸಣ್ಣ ಸಣ್ಣ ಸಿಬಿರು ಏಳುತ್ತದೆ. ಅದನ್ನು ಬೆರಳಿನಿಂದ ಸವರಿ ನೋಡಿ ಅರದಿಂದ ಉಜ್ಜಬೇಕು. ಇವತ್ತು ಸವರಿದೆ, ನುಣ್ಣಗಿದೆ ಎಂದುಕೊಂಡು ಕೊಟ್ಟೆ. ತೆಗೆದುಕೊಂಡವನು ಅಲ್ಲೇ ಬೆರಳು ಕೊಯ್ದುಕೊಂಡ. ನನ್ನ ಬೆರಳಿನಿಂದಲೂ ರಕ್ತ ಬರುತ್ತಿತ್ತು. ಅವನು ತೋರಿಸಿದ ಮೇಲೆ ನೋಡಿದೆ.

ಆಸ್ಪತ್ರೆಯ ಕಾರ್ಡಿನಲ್ಲಿ ಜೋಮಿನ ಚೌಕ ಖಾಲಿ ಇದೆ. ನಾಳೆ ಬರೆಯುತ್ತೇನೆ.

ಆಗಸ್ಟ್ 12, ಮಂಗಳವಾರ

ಆರನೆಯದು. ಡಾಕ್ಟರಮ್ಮ ಬರುವ ಮುಂಚೆ ಕಂಡಕ್ಟರನ್ನು ಕೇಳಿದೆ, ನಿಮಗೆ ಜೋಮು ಬರಲ್ವಾ ಎಂದು. ಅವರು ಆಚೆ ಈಚೆ ನೋಡಿ ನನ್ನ ಕಡೆ ಬಾಗಿದರು.

‘ಜೋಮು ಅಂತ ಬಾಯಿ ಬಿಟ್ಟೆ ಅಂದ್ಕೋ, ಆ ಔಷಧಿ ನಿಲ್ಲಿಸಿಬಿಡ್ತಾರೆ. ಅರ್ಧ ದಾರೀಲಿ ಇಳಿಸಿದ ಹಾಗೆ. ಊರು ಮುಟ್ಟಬೇಕು ಅಂದ್ರೆ ಬಾಯಿ ಮುಚ್ಕೊಂಡು ಕೂತಿರಬೇಕು ತಮ್ಮ.’

ಆಮೇಲೆ ಡಾಕ್ಟರಮ್ಮ ಬಂದು ಎಂದಿನಂತೆ ಕೇಳಿದರು: ಜೋಮು ಉಳಿಯುತ್ತಾ, ಗುಂಡಿ ಹಾಕಿಕೊಳ್ಳೋಕೆ ತೊಂದರೆ ಆಗುತ್ತಾ. ಇಲ್ಲ ಎಂದೆ. ಅಂಗಿಯ ಗುಂಡಿಯನ್ನೆಲ್ಲ ಮನೆಯಲ್ಲೇ ಹಾಕಿಟ್ಟು ತಲೆಯ ಮೇಲಿಂದ ಇಳಿಸಿಕೊಂಡು ಬಂದಿದ್ದೆ. ಕಾರ್ಡಿನಲ್ಲೂ ಇಲ್ಲ ಎಂದೇ ಗುರುತು.

ಮೂರು ಸುತ್ತು ಹಾಕಿದೆ. ಆಮೇಲೆ ಕೂತು ಯೋಚಿಸಿದೆ. ಔಷಧಿ ಪೂರ್ತಿ ಮೈಗೆ ಇಳಿದರೆ ಬೆರಳು ಹೋಗುತ್ತದೆ. ಬೆರಳು ಉಳಿಸಿಕೊಳ್ಳಲು ಹೋದರೆ ಆ ಕಾಣದ್ದು ಮತ್ತೆ ಬರುತ್ತದೆ. ಬೆರಳಿಲ್ಲದೆ ಬದುಕಿ ಮತ್ತೆ ತಟ್ಟೆ ಎತ್ತುವುದಾ? ಬದುಕೇ ಇಲ್ಲದಿದ್ದರೆ ಬೆರಳು ಯಾರಿಗೆ? ಹನಿ ಬೀಳುತ್ತಿತ್ತು. ಇನ್ನೂರರ ತನಕ ಎಣಿಸಿ ಬಿಟ್ಟೆ.

ಆಗಸ್ಟ್ 23, ಶನಿವಾರ

ಮೇಲಿನ ಆಫೀಸಿನವರು ಕಪಾಟಿನ ಕೀ ಕಳೆದುಕೊಂಡು ಕರೆದರು. ಸುಲಭದ ಬೀಗ, ನಾಲ್ಕೇ ಪಿನ್ನು. ಕೊಕ್ಕೆ ಇಳಿಸಿ ಕಣ್ಣು ಮುಚ್ಚಿದೆ. ಒಳಗೆ ಯಾರೂ ಇರಲಿಲ್ಲ. ಹಿಮ ಬಿದ್ದ ಬಯಲಿನ ಮೇಲೆ ನಡೆದ ಹಾಗೆ, ಎಲ್ಲ ಕಡೆ ಒಂದೇ ಬಿಳುಪು, ಒಂದೇ ಮೌನ. ಎಷ್ಟು ಹೊತ್ತು ಕೆದಕಿದೆನೋ. ಅವರು ಗಡಿಯಾರ ನೋಡುತ್ತಿದ್ದರು, ನನ್ನ ಕಾಲು ಮತ್ತೆ ಅಲ್ಲಾಡುತ್ತಿತ್ತು.

ತುಕ್ಕು ಹಿಡಿದಿದೆ, ಒಡೆಯಬೇಕು ಎಂದೆ. ಡ್ರಿಲ್ ಹಾಕಿ ಒಡೆದೆ. ಅವರು ಪಾಪ, ನೀರು ಕೊಟ್ಟರು.

ಬೀಗದಲ್ಲಿ ತುಕ್ಕು ಇರಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ಏಳಾಯಿತು. ಮಲಗಿದ್ದೇನೆ. ನೀಲಿ ಹಾಳೆ ಬಂತು, ಇದರ ಮೇಲೆ ಪೆನ್ನಿನ ಅಕ್ಷರ ಕಾಣುವುದೇ ಇಲ್ಲ. ಒಳ್ಳೆಯದೇ ಆಯಿತು.

ಸೆಪ್ಟೆಂಬರ್ 12, ಶುಕ್ರವಾರ

ಎಂಟನೆಯದು ಮಂಗಳವಾರ ಆಯಿತು. ಎದ್ದು ಓಡಾಡಲಿಲ್ಲ. ಸಿಸ್ಟರ್ ಬಂದು ಹಣೆ ಮುಟ್ಟಿ ನೋಡಿದರು, ಹುಷಾರಿಲ್ಲವೇನೋ ಎಂದು. ಕಂಡಕ್ಟರ್ ತಮ್ಮ ಮಾರ್ಗದ ನಲವತ್ತೊಂದು ಸ್ಟಾಪುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಯಾರು ದಿನಾ ಚಿಲ್ಲರೆ ಇಲ್ಲ ಎನ್ನುತ್ತಾರೆ, ಯಾವ ತಿರುವಿನಲ್ಲಿ ಮಲಗಿದವರೆಲ್ಲ ಏಳುತ್ತಾರೆ. ಕಣ್ಣು ಮುಚ್ಚಿ ಕೇಳುತ್ತಿದ್ದೆ. ಮೂವತ್ತನೆಯ ಸ್ಟಾಪಿನಲ್ಲಿ ನಿದ್ದೆ ಬಂತು. ಕನಸಿನಲ್ಲಿ ಬಸ್ಸಿನ ಕಂಬಿಗಳಿಗೆಲ್ಲ ಬಟ್ಟೆ ಸುತ್ತಿತ್ತು, ಯಾರಿಗೂ ಇಳಿಯುವ ಅವಸರ ಇರಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು. ಆದರೂ ಇದನ್ನು ಇವತ್ತೇ ಬರೆಯಬೇಕು.

ಬೆಳಿಗ್ಗೆ ಒಂದು ಅರ್ಜೆಂಟ್ ಕೀ ಬಂತು. ಕೀ ತಣ್ಣಗಿತ್ತು. ಲಾಂಡ್ರಿಗೆ ಹೋದೆ. ಅಕ್ಕ ಒಳಗೆ ಬಟ್ಟೆ ಎಣಿಸುತ್ತಿದ್ದಳು. ಚಾದರದ ನಡುವೆ ಇಟ್ಟು ಅರ್ಧ ಗಂಟೆ ಯಾರು ಕಾಯುತ್ತಾರೆ? ಇಸ್ತ್ರಿ ಪೆಟ್ಟಿಗೆ ಇಡುವ ಕಬ್ಬಿಣದ ತಟ್ಟೆ ಖಾಲಿ ಇತ್ತು, ಪೆಟ್ಟಿಗೆಯನ್ನು ಆಗತಾನೇ ಅದರ ಮೇಲಿಂದ ಎತ್ತಿಟ್ಟಿದ್ದಳು. ಕೀಯನ್ನು ಆ ತಟ್ಟೆಯ ಮೇಲೆ ಇಟ್ಟು, ನೂರು ಎಣಿಸಿ, ಎರಡು ಬೆರಳಲ್ಲಿ ಎತ್ತಿಕೊಂಡೆ. ಹಿತವಾಗಿತ್ತು. ಎಷ್ಟೋ ದಿನದ ಮೇಲೆ ಬೆರಳಿಗೆ ಏನೋ ಒಂದು ತಗುಲಿದ ಹಾಗಾಯಿತು. ದೂರದ ಮನೆಯಲ್ಲಿ ಯಾರೋ ದೀಪ ಹಚ್ಚಿದ ಹಾಗೆ. ಹಾಗೇ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ.

ಅಕ್ಕ ಹೊರಗೆ ಬಂದವಳು ಮೂಗು ಏರಿಸಿದಳು, ಯಾವ ಬಟ್ಟೆ ಸುಟ್ಟಿತು ಎಂದು ಹುಡುಕಿದಳು. ಆಮೇಲೆ ನನ್ನ ಕೈ ನೋಡಿದಳು. ಓಡಿಬಂದು ಹೊಡೆದಳು, ಕೀ ಹಾರಿ ಹೋಯಿತು. ಬೆರಳ ಚರ್ಮ ಬೆಳ್ಳಗೆ ಸುಲಿದು ಕೀಯ ಜೊತೆ ಹೋಗಿತ್ತು.

ನನ್ನ ಕೈಯನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಹಿಡಿದುಕೊಂಡಳು. ಆಮೇಲೆ ಕೇಳಿದಳು.

‘ಎಷ್ಟು ದಿನದಿಂದ?’

‘ಒಂದೂವರೆ ತಿಂಗಳು.’

‘ಡಾಕ್ಟರಿಗೆ ಹೇಳಿದೀಯಾ?’

ಕಂಡಕ್ಟರ್ ಹೇಳಿದ್ದನ್ನು ಹೇಳಿದೆ. ಅವನು ಯಾವಾಗ ಡಾಕ್ಟರಾದ ಎಂದಳು. ಆದರೆ ಮುಖದ ಮೇಲೆ ಹೆದರಿಕೆ ಬಂದು ಕೂತಿತ್ತು, ಯಾಕೆಂದರೆ ಅದು ಸುಳ್ಳು ಎಂದು ಅವಳಿಗೂ ಖಾತ್ರಿ ಇರಲಿಲ್ಲ. ನನಗೆ ಸಿಟ್ಟು ಬಂತು. ಬೆರಳು ಹೋದರೆ ನಾನು ಏನು ಅಂತ ನಿನಗೇನು ಗೊತ್ತು ಎಂದು ಕೂಗಿದೆ. ಲಾಂಡ್ರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಕ್ಕ ತನ್ನ ಕೈ ಒರೆಸಿಕೊಂಡು ಮೇಜಿನ ಮೇಲಿಂದ ಒಂದು ಗುಂಡುಸೂಜಿ ತೆಗೆದುಕೊಂಡಳು. ತನ್ನ ಹೆಬ್ಬೆರಳಿನ ತುದಿಗೆ ಚುಚ್ಚಿ ಹಾಗೇ ನಿಲ್ಲಿಸಿ ತೋರಿಸಿದಳು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

‘ಹದಿನಾಲ್ಕು ವರ್ಷ ಆಯ್ತು ಕಣೋ, ಈ ಬೆರಳಿಗೆ ಏನೂ ಗೊತ್ತಾಗಲ್ಲ. ಬಿಸಿ, ಹಬೆ, ಸೋಡಾ. ಬಟ್ಟೆ ಒದ್ದೆ ಇದೆಯಾ ಅಂತ ಮಣಿಕಟ್ಟಲ್ಲಿ ನೋಡ್ತೀನಿ. ರೇಷ್ಮೆನಾ, ಬೇರೆಯದಾ ಅಂತ ಸದ್ದಲ್ಲಿ ನೋಡ್ತೀನಿ. ಇವತ್ತಿನ ತನಕ ಒಂದು ಅಂಗಿ ಸುಟ್ಟಿಲ್ಲ.’

ಈ ಕೈಗಳೇ ನನಗೆ ತಲೆ ಬಾಚಿದ್ದು, ಶಾಲೆಗೆ ಕಳಿಸುವಾಗ ನನ್ನ ಗುಂಡಿ ಹಾಕಿದ್ದು. ಅವಳು ಗುಂಡಿ ಹಾಕುವಾಗ ಮಣಿಕಟ್ಟು ನನ್ನ ಎದೆಗೆ ತಾಗಿಸಿ ಹಾಕುತ್ತಿದ್ದಳು. ನನಗೆ ಅದು ಪ್ರೀತಿ ಎಂದೇ ಗೊತ್ತಿತ್ತು.

ಸಂಜೆ ಭಾವ ಬ್ಯಾಂಡೇಜು ಕಟ್ಟಿದರು. ಮೂಲೆ ಮಡಿಸಿ, ಉಗುರಲ್ಲಿ ಒತ್ತಿ. ಕಟ್ಟಿ ಮುಗಿಸಿ ಹೇಳಿದರು: ‘ಹೇಳೋದು ನಿನ್ನ ಕೆಲಸ. ಹೇಳಿದ್ದಕ್ಕೆ ಏನು ಮಾಡಬೇಕು ಅನ್ನೋದು ಅವರ ಕೆಲಸ. ನೀನು ಎರಡೂ ಮಾಡ್ತಿದೀಯ.’

ಒಂದು ವಾರದ ಮಾತು ಒಂದೇ ಸಲಕ್ಕೆ ಆಡಿದರು.

ಸೆಪ್ಟೆಂಬರ್ 23, ಮಂಗಳವಾರ

ಹೇಳಿದೆ. ಬ್ಯಾಂಡೇಜು ತೋರಿಸಿದೆ. ಕಾರ್ಡಿನಲ್ಲಿರುವ ಇಲ್ಲಗಳಲ್ಲಿ ಅರ್ಧ ಸುಳ್ಳು ಎಂದೆ.

ಡಾಕ್ಟರಮ್ಮ ಬೈಯಲಿಲ್ಲ. ಕಬ್ಬಿಣದ ಒಂದು ಕವೆಯನ್ನು ಅಂಗೈಗೆ ಬಡಿದು, ಅದು ಗುಂಯ್ ಎನ್ನುವಾಗ ನನ್ನ ಬೆರಳ ತುದಿಗೆ ಇಟ್ಟರು. ಏನೂ ಇಲ್ಲ. ಗೆಣ್ಣಿಗೆ ಇಟ್ಟರು. ಎಲ್ಲೋ ದೂರ. ಮಣಿಕಟ್ಟಿನ ಮೂಳೆಗೆ ಇಟ್ಟರು, ಆಗ ಇಡೀ ತೋಳು ಜೇನುಗೂಡಿನ ಹಾಗೆ ಗುನುಗಿತು. ಅದು ನಿಲ್ಲುವ ತನಕ ಕಣ್ಣು ಮುಚ್ಚಿಕೊಂಡಿದ್ದೆ. ನಿಂತ ಮೇಲೂ ಸ್ವಲ್ಪ ಹೊತ್ತು.

ಚಳಿಗೆ ಆಗದ ಆ ಡ್ರಿಪ್ಪಿನ ಔಷಧಿಯನ್ನು ಇವತ್ತಿನಿಂದ ನಿಲ್ಲಿಸುತ್ತಾರೆ. ಸೀಸೆಯ ಔಷಧಿ ಮಾತ್ರ ಹನ್ನೆರಡರ ತನಕ. ಹಾಗಾದರೆ ಆ ಕಾಣದ್ದು ಮತ್ತೆ ಬರುತ್ತದಾ ಎಂದು ಕೇಳಿದೆ.

‘ಬರಲ್ಲ ಅಂತ ಹನ್ನೆರಡು ತಗೊಂಡವರಿಗೂ ನಾನು ಬರೆದುಕೊಡಲ್ಲಪ್ಪ. ಆದರೆ ಎಂಟು ಪೂರ್ತಿ ಹೋಗಿದೆ. ಇಷ್ಟಕ್ಕೆ ಅದನ್ನ ನಿಲ್ಲಿಸೋದು ಹೊಸದೇನಲ್ಲ, ಎಷ್ಟೋ ಜನಕ್ಕೆ ಮಾಡಿದೀವಿ. ನೀವು ಆಗಸ್ಟಲ್ಲೇ ಹೇಳಿದ್ರೆ ಆಗಲೇ ಕಮ್ಮಿ ಮಾಡ್ತಿದ್ದೆ. ಬೆರಳು ಇಷ್ಟು ದೂರ ಹೋಗ್ತಿರಲಿಲ್ಲ.’

ಬೆರಳು ವಾಪಸ್ ಬರಬಹುದು, ವರ್ಷ ಹಿಡಿಯಬಹುದು, ಪೂರ್ತಿ ಬರದೆಯೂ ಇರಬಹುದು. ಅದಕ್ಕೂ ಮುಂಚೆ ಎರಡು ಮೂರು ತಿಂಗಳು ಇನ್ನಷ್ಟು ಮಂಕಾದರೂ ಹೆದರಬೇಡಿ ಎಂದರು.

ಕುರ್ಚಿಗೆ ಬಂದು ಕಂಡಕ್ಟರಿಗೆ ಹೇಳಿದೆ. ಎರಡು ಸಲ ಮುಂದಿದ್ದವರು ಒಂದು ಸಲ ಜ್ವರ ಬಂದು ತಪ್ಪಿಸಿಕೊಂಡು ಈಗ ಒಂದೇ ಸಲ ಮುಂದೆ. ಜಗಳ ತೆಗೆಯಬೇಕು ಎಂದುಕೊಂಡೇ ಬಂದಿದ್ದೆ. ಅವರು ಬಾಗಿ ತಮ್ಮ ಕಾಲ ಮೇಲಿನ ಕಂಬಳಿ ಸರಿಸಿದರು. ಎರಡೂ ಪಾದ ಗಾಯ, ಒಂದು ಉಗುರು ಇರಲಿಲ್ಲ. ಬಸ್ಸಿನ ಮೆಟ್ಟಿಲಲ್ಲಿ ಕಾಲು ಎಲ್ಲಿಟ್ಟೆ ಎಂದು ತಿಳಿಯದೆ ಬಿದ್ದರಂತೆ. ಮೂರು ಸಲ.

‘ನಾನೂ ಹೇಳಿಲ್ಲ ಕಣಪ್ಪ. ಡ್ಯೂಟಿಯಿಂದ ಇಳಿಸಿಬಿಡ್ತಾರೆ ಅಂತ.’

ಸಿಸ್ಟರನ್ನು ನಾನೇ ಕರೆದೆ. ಡಾಕ್ಟರಮ್ಮ ಬರುವ ತನಕ ಅವರ ಪಕ್ಕ ಕೂತಿದ್ದೆ. ಅವರ ಸ್ಟಾಪುಗಳನ್ನು ನಾನು ಹೇಳುತ್ತಿದ್ದೆ, ತಪ್ಪಿದಲ್ಲಿ ಅವರು ತಿದ್ದುತ್ತಿದ್ದರು.

ಅಕ್ಟೋಬರ್ 10, ಶುಕ್ರವಾರ

ಹತ್ತು ಆಯಿತು. ಈ ಸಲವೂ ಚಳಿ ಕಚ್ಚಲಿಲ್ಲ. ತಣ್ಣೀರು ಕುಡಿದೆ, ಬರೀ ನೀರು, ನೀರಿನದೇ ರುಚಿ. ಇನ್ನು ಚಿಲಕದ ಬಟ್ಟೆ ತೆಗೆಯಲಾ ಎಂದು ಭಾವ ಕೇಳಿದರು. ಇರಲಿ ಎಂದೆ. ಅವರಿಗೂ ಅದೇ ಬೇಕಿತ್ತು ಎಂದು ಕಾಣುತ್ತದೆ, ನಲ್ಲಿಯ ಕೆಂಪು ಬಟ್ಟೆ ಸವೆದಿದ್ದಕ್ಕೆ ಹೊಸದು ಹಾಕಿದರು. ನಾನು ಗೋಂದಿನ ಡಬ್ಬಿ ಹಿಡಿದು ನಿಂತಿದ್ದೆ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಅಕ್ಟೋಬರ್ 19, ಭಾನುವಾರ

ಬೆರಳು ಇನ್ನಷ್ಟು ಮಂಕಾಗಿದೆ. ಡಾಕ್ಟರಮ್ಮ ಹೇಳಿದ ಹಾಗೇ.

ಮಧ್ಯಾಹ್ನ ಅಕ್ಕ ಒಂದು ಹಳೆಯ ಬೀಗ ಮೇಜಿಗೆ ಕಟ್ಟಿ ಎದುರು ಕೂತಳು. ಬೀಗದ ವಿಷಯ ಅವಳಿಗೆ ಏನೇನೂ ತಿಳಿಯದು, ಕೈಯ ವಿಷಯ ತಿಳಿಯುತ್ತದೆ. ಕೊಕ್ಕೆಯನ್ನು ತುದಿಬೆರಳಲ್ಲಿ ಹಿಡೀಬೇಡ, ಗೆಣ್ಣಿನ ಸಂದಿಯಲ್ಲಿ ಹಿಡಿ ಎಂದಳು. ಮೊಳಕೈ ಊರು, ಮಣಿಕಟ್ಟು ಸಡಿಲ ಬಿಡು, ಬಂದಷ್ಟು ಬರಲಿ. ನಾನು ಒತ್ತಿದೆ. ಒತ್ತಬೇಡ, ಕಾಯು ಎಂದಳು. ಕಾದೆ. ಅವಳು ಅಲ್ಲೇ ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ವಾರವೆಲ್ಲ ನಿಂತೇ ಇರುವವಳು.

ಸಂಜೆಯ ಹೊತ್ತಿಗೆ ಒಂದು ಪಿನ್ನು, ಒಂದೇ ಒಂದು, ಮಣಿಕಟ್ಟಿನೊಳಗೆ ಎಲ್ಲೋ ಮಿಸುಕಿತು. ಮಲಗಿದ ಮಗುವನ್ನು ದಾಟಿ ಯಾರೋ ನಡೆದು ಹೋದ ಹಾಗೆ. ಅಕ್ಕನನ್ನು ಎಬ್ಬಿಸಲಿಲ್ಲ.

ನವೆಂಬರ್ 6, ಗುರುವಾರ

ಹನ್ನೆರಡನೆಯ ಸೀಸೆ ಬಿಚ್ಚಿದರು. ಹೊಟ್ಟೆಯ ಸ್ಕ್ಯಾನ್ ಫೋಟೋದಲ್ಲಿ ಏನೂ ಕಂಡಿಲ್ಲ, ಮೂರು ತಿಂಗಳಿಗೆ ಮತ್ತೆ ನೋಡುತ್ತಾರೆ. ಅಕ್ಕ ಕಾರಿಡಾರಿನಲ್ಲಿ ಅತ್ತಳು. ನಾನು ಸೀಸೆಯನ್ನು ಎತ್ತಿ ನೋಡಿದೆ. ಬಲೂನು ಪೂರ್ತಿ ಕುಗ್ಗಿತ್ತು. ಈ ಎರಡು ದಿನದಲ್ಲಿ ಒಮ್ಮೆಯೂ ಚೀಲ ತೆರೆದು ನೋಡಿರಲಿಲ್ಲ ಎಂದು ಈಗ ಬರೆಯುವಾಗ ನೆನಪಾಗುತ್ತಿದೆ.

ನವೆಂಬರ್ 15, ಶನಿವಾರ

ಊಟ ಆದಮೇಲೆ ಅಂಗಡಿಯಲ್ಲಿದ್ದೆ. ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿ ಇಳಿದು ಬಂದರು. ಹಿಂದೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಕಸ ಹಾಕಲು ಹೊರಗೆ ಬಂದಾಗ ಬಾಗಿಲು ತಾನೇ ಹಾಕಿಕೊಂಡಿತಂತೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಕೈಯಲ್ಲಿ ಆಗುತ್ತೋ ಇಲ್ಲವೋ ಅಜ್ಜಿ, ಬೆರಳು ಸರಿ ಇಲ್ಲ ಎಂದೆ. ಆಗದಿದ್ದರೆ ಒಡೆದುಬಿಡು ಮಗ ಎಂದರು. ನನ್ನ ಚಪ್ಪಲಿ ಅವರಿಗೆ ಕೊಟ್ಟು ಮೇಲೆ ಹತ್ತಿದೆ. ಡ್ರಿಲ್ಲನ್ನೂ ತೆಗೆದುಕೊಂಡಿದ್ದೆ.

ಐದು ಪಿನ್ನಿನ ಹಳೆಯ ಬೀಗ. ಬಾಗಿಲ ಮುಂದೆ ಮಂಡಿಯೂರಿ, ಮೊಳಕೈಯನ್ನು ತೊಡೆಗೆ ಆನಿಸಿ, ಕೊಕ್ಕೆಯನ್ನು ಗೆಣ್ಣಿನ ಸಂದಿಗೆ ಸಿಕ್ಕಿಸಿದೆ. ಅಜ್ಜಿ ಮೆಟ್ಟಿಲ ಮೇಲೆ ಕೂತು, ತಾವು ಟೈಪ್ ಮಾಡಿದ ತೀರ್ಪುಗಳಲ್ಲಿ ಅತಿ ಉದ್ದದ್ದು ಯಾವುದು ಎಂದು ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಮಾತು ನಿಂತಿತು. ಮೆಟ್ಟಿಲ ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ನನ್ನ ಹಿಮ್ಮಡಿಗೆ ಬಂತು, ಹಿಮ್ಮಡಿ ದಾಟಿ ಹೋಯಿತು. ಯಾರೋ ಮೇಲೆ ಹತ್ತಿದರು, ಯಾರೋ ಇಳಿದರು, ನನ್ನನ್ನು ಸುತ್ತಿಕೊಂಡು ಹೋದರು. ಒಂದು ಪಿನ್ನು ಕೂತಿತು ಎಂದುಕೊಂಡೆ. ಇನ್ನೊಂದು. ಮೂರನೆಯದು ಕೂತಾಗ ಮೊದಲಿನದು ಜಾರಿತು. ಮೊದಲಿಂದ ಶುರು ಮಾಡಿದೆ. ಡ್ರಿಲ್ ಪಕ್ಕದಲ್ಲೇ ಇತ್ತು, ಅದರ ನೆನಪು ಬರಲಿಲ್ಲ. ಕೊಕ್ಕೆಯ ಆಚೆ ತುದಿಯಲ್ಲಿ ಮಂಜು, ಮಂಜಿನ ಆಚೆ ಯಾರೋ ಇದ್ದರು. ಅವರು ಬರುವ ತನಕ ಇದ್ದರಾಯಿತು ಎಂದು ಇದ್ದೆ.

ಐದನೆಯದು ಕೂತಿತೋ ಇಲ್ಲವೋ ಗೊತ್ತಾಗಲಿಲ್ಲ. ಬೆರಳಿಗೆ ಏನೂ ಬರಲಿಲ್ಲ, ಮಣಿಕಟ್ಟಿಗೂ ಬರಲಿಲ್ಲ. ಮುಖಕ್ಕೆ ಗಾಳಿ ಬಂತು. ಮುಚ್ಚಿದ ಕೋಣೆಯ ಗಾಳಿ, ಹಳೆಯ ಕಾಗದ, ಸೋಪು, ಆರಿದ ಟೀ. ಕಣ್ಣು ಬಿಟ್ಟರೆ ಬಾಗಿಲು ಒಂದು ಗೇಣು ಒಳಗೆ ಹೋಗಿತ್ತು.

ಅಜ್ಜಿಯನ್ನು ಮುಟ್ಟಿ ಎಬ್ಬಿಸಿದೆ. ಅವರು ಒಳಗೆ ಹೋಗಿ ದೀಪ ಹಾಕಿ, ಗೋಡೆಯ ಗಡಿಯಾರ ನೋಡಿ, ಎಷ್ಟು ಹೊತ್ತಾಯಿತು ಎಂದು ಹೇಳಿದರು. ಎಷ್ಟು ಹೇಳಿದರು ಎನ್ನುವುದು ಮರೆತುಹೋಗಿದೆ. ನಾನು ಹೊಸ್ತಿಲಿನ ಈಚೆ, ಆ ಗಾಳಿಯಲ್ಲಿ, ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.